ಐದರಲ್ಲಿ ಎರಡು: ಗಣಿತದ ಆ್ಯಪ್ ಮಾಡುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಶಿಷ್ಯನಿಗೆ, ಅವನ ಜೊತೆ ಕೂತು ಕೆಲಸ ಮಾಡುವ ಎಲ್ಲ ಗೆಳೆಯ ಗೆಳತಿಯರಿಗೆ,

ಎರಡು ತಿಂಗಳ ಹಿಂದೆ ಒಂದು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ ನೀನು ಬಂದೆ. ಆಫೀಸಿನಲ್ಲಿ ಬಳಸಿ ಬಿಟ್ಟಿದ್ದ ಆರು ಟ್ಯಾಬ್‌ಗಳನ್ನು ಮೇಜಿನ ಮೇಲಿಟ್ಟು, ನಿಮ್ಮ ಗಣಿತದ ಆ್ಯಪನ್ನು ತೆರೆದು ತೋರಿಸಿ, "ಮಕ್ಕಳ ಕೈಗೆ ಕೊಟ್ಟು ನೋಡಿ ಮೇಡಂ, ಹೆಂಗಿದೆ ಅಂತ ಹೇಳಿ" ಅಂದೆ. ನಾಲ್ಕು ಸಾಲಿನ ಮೆಸೇಜ್ ಕಳಿಸೋಣವೆಂದು ಎಷ್ಟೋ ಸಲ ಕೂತೆ. ನಾಲ್ಕು ಸಾಲಿಗೆ ಅದು ನಿಲ್ಲಲಿಲ್ಲ. ಹೇಳಬೇಕಾದ್ದು ನಿನ್ನೊಬ್ಬನ ಆ್ಯಪಿನ ಬಗ್ಗೆಯೂ ಅಲ್ಲ. ಈ ಕೆಲಸ ಮಾಡುತ್ತಿರುವವರು ಈಗ ನೂರಾರು ಜನ. ಅವರೆಲ್ಲರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಅಭ್ಯಾಸ ಇತ್ತು, ನೆನಪಿದೆಯಾ? ಲೆಕ್ಕ ತಪ್ಪಿತು ಅಂತ ಗೊತ್ತಾದ ಕೂಡಲೇ ರಬ್ಬರ್ ತೆಗೆದು ಹಾಳೆ ಹರಿಯುವ ತನಕ ಉಜ್ಜುತ್ತಿದ್ದೆ. ನಾನು ಬರುವಷ್ಟರಲ್ಲಿ ಅಲ್ಲಿ ಬರೀ ಬೂದು ಬಣ್ಣದ ಕಲೆ. "ಅಳಿಸಬೇಡ ಕಣೋ, ಮೇಲೊಂದು ಗೆರೆ ಎಳಿ ಸಾಕು, ನೀನು ಏನು ಯೋಚನೆ ಮಾಡಿದೆ ಅಂತ ನಂಗೆ ಕಾಣಬೇಕು" ಎಂದು ಎಷ್ಟು ಸಲ ಹೇಳಿದ್ದೆ. ಕೊನೆಗೆ ಪೆನ್ನಿನಲ್ಲೇ ಲೆಕ್ಕ ಮಾಡು ಎಂದು ನಿನಗೆ ಮಾತ್ರ ಒಂದು ಕಟ್ಟಳೆ ಹಾಕಿದೆ. ಈ ಪತ್ರದಲ್ಲಿ ಹೇಳಬೇಕಾದ್ದರ ಮುಕ್ಕಾಲು ಪಾಲು ಅದೇ ಮಾತು.

ಒಂಬತ್ತನೇ ತರಗತಿಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ನಿಮ್ಮ ಟ್ಯಾಬ್‌ನಲ್ಲಿ ಅವನಿಗೆ 1/2 + 1/3 ಎಷ್ಟು ಎಂಬ ಪ್ರಶ್ನೆ ಬಂತು. 2/5 ಎಂದು ಒತ್ತಿದ. ಪರದೆ ಕೆಂಪಾಯಿತು, ಟುಕ್ ಎಂದು ಸದ್ದಾಯಿತು, 5/6 ಎಂಬ ಸರಿ ಉತ್ತರ ಬಂತು, ಕೆಳಗೆ ಲ.ಸಾ.ಅ. ತೆಗೆದು ಕೂಡುವ ನಾಲ್ಕು ಹಂತಗಳು ಬಂದವು. ಅವನು ಓದದೆ ಮುಂದಿನ ಪ್ರಶ್ನೆ ಒತ್ತಿದ. ಮರುದಿನ 1/4 + 1/3 ಬಂದಾಗ 2/7 ಎಂದು ಒತ್ತಿದ. ಮತ್ತೆ ಕೆಂಪು, ಮತ್ತೆ ಟುಕ್. ಒಂದು ವಾರ ಅವನು ಹೀಗೆಯೇ ಮಾಡಿದ. ನಿಮ್ಮ ವರದಿಯಲ್ಲಿ ಅವನ ಹೆಸರಿನ ಮುಂದೆ ಶೇಕಡಾ ಇಷ್ಟು ಎಂದು ಬಂತೇ ವಿನಾ, ಅವನು ಏಳು ಸಲ ಮಾಡಿದ್ದು ಒಂದೇ ತಪ್ಪು ಎಂದು ಎಲ್ಲೂ ಬರಲಿಲ್ಲ.

ನಾನು ಪಕ್ಕದಲ್ಲಿ ಕೂತು ಕೇಳಿದೆ, "ಯಾಕೆ ಮಗಾ ಹಿಂಗೆ ಮಾಡಿದೆ?"

"ಮೇಡಂ, ಪಕ್ಕದೂರಿನೋರ ಜೊತೆ ಖೋಖೋ ಆಡಿದ್ವಿ. ಶನಿವಾರ ಎರಡು ಮ್ಯಾಚಲ್ಲಿ ಒಂದು ಗೆದ್ವಿ. ಭಾನುವಾರ ಮೂರರಲ್ಲಿ ಒಂದು ಗೆದ್ವಿ. ಒಟ್ಟು ಐದರಲ್ಲಿ ಎರಡು ಆಯ್ತಲ್ಲ?"

ಆಯಿತಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಐದು ಪಂದ್ಯದಲ್ಲಿ ಎರಡು ಗೆದ್ದರು. ನಾನು ಕೇಳಿದೆ, "ಅರ್ಧ ಮುದ್ದೆ ತಿಂದೆ ಅನ್ಕೋ. ಸಾಲಲಿಲ್ಲ, ಇನ್ನೊಂದು ಸಲ ಮೂರನೇ ಒಂದು ಭಾಗ ಹಾಕಿಸ್ಕೊಂಡು ತಿಂದೆ. ಈಗ ಐದರಲ್ಲಿ ಎರಡು ಭಾಗ ತಿಂದಂಗೆ ಆಯ್ತಾ?" ಅವನು ಬೆರಳು ಮಡಚಿ ನೋಡಿದ. ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಎರಡನೇ ಸಲ ತಿಂದ ಮೇಲೆ ಮೊದಲಿಗಿಂತ ಕಡಿಮೆ ಆಗಿಬಿಟ್ಟಿತು! ಸ್ವಲ್ಪ ಹೊತ್ತು ಸುಮ್ಮನಿದ್ದವನು, "ಹಂಗಾದ್ರೆ ಮ್ಯಾಚಿಗೆ ಯಾಕೆ ಸರಿ ಬಂತು?" ಎಂದು ಕೇಳಿದ.

ಆ ಪ್ರಶ್ನೆಗೆ ಒಂದು ಪೂರ್ತಿ ಪೀರಿಯಡ್ ಹೋಯಿತು. ಮುದ್ದೆಯಲ್ಲಿ ಎರಡು ಸಲವೂ ಅದೇ ಗಾತ್ರದ ಇಡೀ ಮುದ್ದೆಯ ಭಾಗ. ಪಂದ್ಯದಲ್ಲಿ ಶನಿವಾರದ ಇಡೀ ಬೇರೆ, ಭಾನುವಾರದ ಇಡೀ ಬೇರೆ. ಭಿನ್ನರಾಶಿ ಯಾವ ಇಡಿಯ ಭಾಗ ಎಂದು ಕೇಳದೆ ಕೂಡಲು ಬರುವುದಿಲ್ಲ. ಐದನೇ ತರಗತಿಯಿಂದ ಅವನ ತಲೆಯಲ್ಲಿ ಮುಚ್ಚಿಕೊಂಡಿದ್ದ ಬಾಗಿಲು ಅವತ್ತು ತೆರೆಯಿತು. ಅವನೊಬ್ಬನಿಗಲ್ಲ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಇನ್ನೂ ಎಂಟು ಹತ್ತು ಮಕ್ಕಳಿಗೆ. ಆ ಬಾಗಿಲಿನ ಕೀಲಿ ಇದ್ದದ್ದು ಆ 2/5ರಲ್ಲಿ. ನಿಮ್ಮ ಆ್ಯಪ್ ಅದನ್ನು ಅರೆ ಸೆಕೆಂಡಿನಲ್ಲಿ ಅಳಿಸಿಹಾಕಿತ್ತು.

ನಾನು ಕೇಳುವುದು ಇದನ್ನೇ. ಮಗುವಿನ ತಪ್ಪನ್ನು ಅಳಿಸಬೇಡಿ. ಇಟ್ಟುಕೊಳ್ಳಿ, ಓದಿ, ಅದನ್ನು ಹಿಡಿದುಕೊಂಡು ಮುಂದಿನ ಪ್ರಶ್ನೆ ಕೇಳಿ.

ಇದು ಆಗದ ಮಾತೇನೂ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ತಿದ್ದಿದ ಪುಸ್ತಕಗಳಲ್ಲಿ ತಪ್ಪುಗಳು ಸಾವಿರಾರು, ತಪ್ಪಿನ ಬಗೆಗಳು ಮಾತ್ರ ಕೈಬೆರಳಲ್ಲಿ ಎಣಿಸಿ ಸ್ವಲ್ಪ ಹೆಚ್ಚು. ಆವರಣದ ಹಿಂದೆ ಋಣ ಚಿಹ್ನೆ ಇದ್ದರೆ ಮೊದಲ ಪದಕ್ಕೆ ಮಾತ್ರ ಹಾಕುತ್ತಾರೆ, ಎರಡನೆಯದಕ್ಕೆ ಮರೆಯುತ್ತಾರೆ. ಮೇಲೆ 5+3, ಕೆಳಗೆ 5 ಇದ್ದರೆ ಎರಡು ಐದನ್ನೂ ಹೊಡೆದುಹಾಕಿ 3 ಎಂದು ಬರೆಯುತ್ತಾರೆ. 3+4ರ ವರ್ಗ ಕೇಳಿದರೆ 3ರ ವರ್ಗ 9, 4ರ ವರ್ಗ 16, ಒಟ್ಟು 25 ಎನ್ನುತ್ತಾರೆ. ಬೀಜಗಣಿತದಲ್ಲಿ ಅಕ್ಷರ ಬಂದಾಗ ಇದೇ ತಪ್ಪು ಹತ್ತನೇ ತರಗತಿಯ ವರ್ಗ ಸಮೀಕರಣದ ತನಕ ಹಿಂದೆಯೇ ಬರುತ್ತದೆ. ಎಲ್ಲ ಊರಿನ ಗಣಿತದ ಮೇಷ್ಟ್ರಿಗೂ ಇವು ಗೊತ್ತು. ಅವರನ್ನು ಒಂದೆರಡು ದಿನ ಕೂರಿಸಿಕೊಂಡು ಬರೆದುಕೊಂಡರೆ ನಿಮಗೆ ಪಟ್ಟಿ ಸಿಗುತ್ತದೆ.

25 ಎಂದು ಒತ್ತಿದ ಮಗುವಿಗೆ ನಿಮ್ಮ ಪರದೆ ಸೂತ್ರ ತೋರಿಸುವ ಬದಲು ಏಳು ಮನೆ ಉದ್ದ, ಏಳು ಮನೆ ಅಗಲದ ಒಂದು ಚೌಕ ಬಿಡಿಸಿ ತೋರಿಸಲಿ. ಒಂದು ಮೂಲೆಯಲ್ಲಿ 9 ಮನೆಯ ಚೌಕ, ಎದುರು ಮೂಲೆಯಲ್ಲಿ 16 ಮನೆಯ ಚೌಕ ಬಣ್ಣ ತುಂಬಿರಲಿ. "ನೀನು ಹೇಳಿದ 25 ಮನೆ ಇಲ್ಲಿವೆ. ಉಳಿದದ್ದು ಎಷ್ಟು?" ಎಂದು ಕೇಳಲಿ. ಮಗು ಬೆರಳಿಟ್ಟು ಎಣಿಸಿ, 12 ಮನೆಯ ಎರಡು ಆಯತ ಕಂಡುಕೊಳ್ಳಲಿ. 9, 16, 12, 12, ಒಟ್ಟು 49. ಆ ಎರಡು ಆಯತಗಳನ್ನು ಸ್ವಂತ ಬೆರಳಲ್ಲಿ ಮುಟ್ಟಿದ ಮಗು ಸೂತ್ರದ ನಡುವಿನ ಪದವನ್ನು ಇನ್ನು ಮರೆಯುವುದಿಲ್ಲ. ಕರಿಹಲಗೆಯ ಮೇಲೆ ನಾನು ಇದನ್ನೇ ಬಿಡಿಸುತ್ತೇನೆ. ಆದರೆ ನಲವತ್ತೆಂಟು ಮಕ್ಕಳಲ್ಲಿ ಯಾರಿಗೆ ಇದು ಯಾವಾಗ ಬೇಕು ಎಂದು ಆ ಕ್ಷಣಕ್ಕೆ ಹಿಡಿಯಲು ನನ್ನೊಬ್ಬಳಿಂದ ಆಗುವುದಿಲ್ಲ. ನಿಮ್ಮಿಂದ ಆಗುತ್ತದೆ. ನನಗೆ ನಿಮ್ಮ ಮೇಲೆ ಆಸೆ ಇರುವುದು ಇಲ್ಲಿ.

ಆ ಆಸೆಗೆ ಆಧಾರವೂ ಇದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಶಾಲೆ ಮುಗಿದ ಮೇಲೆ ನಡೆಯುವ ಕೇಂದ್ರಗಳಲ್ಲಿ ಬಳಸಿ ಒಂದು ಅಧ್ಯಯನ ಮಾಡಿದರು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗಾನಿಮಿಯನ್ ಎಂಬ ಮೂವರು 2019ರಲ್ಲಿ ಅದನ್ನು ಪ್ರಕಟಿಸಿದರು. ಸರ್ಕಾರಿ ಶಾಲೆಯ 619 ಮಕ್ಕಳು, ಅವರಲ್ಲಿ ಯಾರಿಗೆ ಉಚಿತ ಪ್ರವೇಶ ಎಂದು ಚೀಟಿ ಎತ್ತಿ ನಿರ್ಧಾರ. ಶುರುವಿನಲ್ಲಿ ಪರೀಕ್ಷೆ ಮಾಡಿದಾಗ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಮೇಲಿನ ತರಗತಿಗೆ ಹೋದಂತೆ ಆ ಅಂತರ ಇನ್ನೂ ದೊಡ್ಡದಾಗಿತ್ತು. ನನ್ನ ತರಗತಿಯೂ ಹೀಗೇ ಇದೆ. ಹತ್ತನೆಯ ಪುಸ್ತಕ ಕೈಲಿ, ಆರನೆಯ ಲೆಕ್ಕ ತಲೆಯಲ್ಲಿ. ಆ ತಂತ್ರಾಂಶ ಮಗು ಯಾವ ತರಗತಿಯಲ್ಲಿ ಕೂತಿದೆ ಎಂದು ನೋಡದೆ, ಮಗುವಿಗೆ ಎಲ್ಲಿಯ ತನಕ ಗೊತ್ತಿದೆ ಎಂದು ನೋಡಿ ಅಲ್ಲಿಂದ ಶುರು ಮಾಡಿತು. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಬಂದರು.

ಈ ಅಧ್ಯಯನದ ಎರಡು ವಿವರಗಳನ್ನು ಆ್ಯಪ್ ಮಾರುವವರು ಹೇಳಿದ್ದು ನಾನು ಕೇಳಿಲ್ಲ. ಒಂದು, ದಿನಕ್ಕೆ ಮುಕ್ಕಾಲು ಗಂಟೆ ಯಂತ್ರದ ಮುಂದೆ, ಇನ್ನು ಮುಕ್ಕಾಲು ಗಂಟೆ ಒಬ್ಬ ಮನುಷ್ಯನ ಮುಂದೆ. ಸಣ್ಣ ಗುಂಪಿನಲ್ಲಿ ಕೂರಿಸಿಕೊಂಡು ಪಾಠ ಹೇಳುವವರು ಅಲ್ಲಿದ್ದರು. ಇನ್ನೊಂದು, ಸಂಶೋಧಕರ ಪರೀಕ್ಷೆಯಲ್ಲಿ ಗಣಿತ ಮೇಲೆ ಬಂದರೂ ಶಾಲೆಯ ಗಣಿತ ಪರೀಕ್ಷೆಯಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಯಾಕೆಂದರೆ ಎಂಟನೇ ತರಗತಿಯ ಪ್ರಶ್ನೆಪತ್ರಿಕೆ ಐದನೆಯ ಲೆಕ್ಕ ಕಲಿತದ್ದನ್ನು ಕೇಳುವುದೇ ಇಲ್ಲ. ನಮ್ಮ ಮಕ್ಕಳು ಭಿನ್ನರಾಶಿ ಕಲಿತ ಸಂತೋಷ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದೇ ವರ್ಷಕ್ಕೆ ಬರಲಿಕ್ಕಿಲ್ಲ. ಅದು ಬರಲಿಲ್ಲವೆಂದು ನೀವೂ ಕೈಬಿಡಬೇಡಿ, ನಾವೂ ಬಿಡುವುದಿಲ್ಲ.

ಈಗ ನನಗೆ ಹೆದರಿಕೆ ಹುಟ್ಟಿಸುವ ಇನ್ನೊಂದು ಬಗೆಯ ಆ್ಯಪಿಗೆ ಬರುತ್ತೇನೆ. ಪ್ರಶ್ನೆಯ ಮೇಲೆ ಕ್ಯಾಮೆರಾ ಹಿಡಿದರೆ ಹಂತ ಹಂತವಾಗಿ ಉತ್ತರ ಬರೆದುಕೊಡುವಂಥದ್ದು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಕ್ಯಾಮೆರಾವೂ ಬೇಡ, ಬಾಯಲ್ಲಿ ಕೇಳಿದರೆ ಸಾಕು. ಕಳೆದ ವರ್ಷ ಸಮಾಂತರ ಶ್ರೇಢಿಯ ಮನೆಗೆಲಸ ಕೊಟ್ಟಾಗ ಹದಿಮೂರು ಪುಸ್ತಕಗಳಲ್ಲಿ ಒಂದೇ ಉತ್ತರ, ಒಂದೇ ಹಂತ, ನಾನು ಎಂದೂ ಬಳಸದ ಒಂದೇ ಬಗೆಯ ಗುರುತು. ಒಂದೂ ತಪ್ಪಿಲ್ಲ. ಅವತ್ತಿನಷ್ಟು ದುಃಖ ನನಗೆ ಸೊನ್ನೆ ಬಂದ ಪುಸ್ತಕ ನೋಡಿದಾಗಲೂ ಆಗಿರಲಿಲ್ಲ. ಹದಿಮೂರು ಮಕ್ಕಳಲ್ಲಿ ಯಾರಿಗೆ ಏನು ಗೊತ್ತಿಲ್ಲ ಎಂಬುದನ್ನು ನೋಡುವ ಕಿಟಕಿಯೇ ನನಗೆ ಮುಚ್ಚಿಹೋಗಿತ್ತು.

ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅದರ ಫಲಿತಾಂಶವನ್ನು 2024ರಲ್ಲಿ ಹೊರಗಿಟ್ಟರು. ಗಣಿತ ಅಭ್ಯಾಸ ಮಾಡುವಾಗ ಕೆಲವರ ಕೈಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್ ಯಂತ್ರ ಕೊಟ್ಟರು. ಅಭ್ಯಾಸದಲ್ಲಿ ಅವರು ಶೇಕಡಾ 48ರಷ್ಟು ಹೆಚ್ಚು ಅಂಕ ತೆಗೆದರು. ಆಮೇಲೆ ಯಂತ್ರ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟಿಯೇ ಇರದ ಮಕ್ಕಳಿಗಿಂತ ಶೇಕಡಾ 17ರಷ್ಟು ಕಡಿಮೆ ತೆಗೆದರು. ಇನ್ನೊಂದು ಗುಂಪಿಗೆ ಅದೇ ಯಂತ್ರವನ್ನು ಶಿಕ್ಷಕರ ಸಹಾಯದಿಂದ ತಿದ್ದಿ, ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಮಾಡಿ ಕೊಟ್ಟಿದ್ದರು. ಅಭ್ಯಾಸದಲ್ಲಿ ಆ ಗುಂಪು ಇನ್ನೂ ಮೇಲೆ ಹೋಯಿತು, ಪರೀಕ್ಷೆಯಲ್ಲಿ ಆ ನಷ್ಟ ಕಾಣಲಿಲ್ಲ. ಲಾಭವೂ ಆಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಯಂತ್ರ ಅದೇ. ಬದಲಾದದ್ದು ಅದು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಶಿಕ್ಷಕರು ಹೇಳಿಕೊಟ್ಟದ್ದು. ನಿಮ್ಮ ಆಫೀಸಿನಲ್ಲಿ ಆ ಗೆರೆ ಎಳೆಯುವವರು ಯಾರು? ತರಗತಿಯಲ್ಲಿ ನಿಂತ ಒಬ್ಬರಾದರೂ ಆ ಕೋಣೆಯಲ್ಲಿದ್ದಾರಾ? ನೀನು ಬಂದಾಗ ಕೇಳಬೇಕೆಂದಿದ್ದೆ, ಮರೆತೆ.

ಆ್ಯಪ್ ಎಂದರೆ ಬೇಡ ಎನ್ನುವವಳು ನಾನಲ್ಲ. ಗಣಿತ ಕಲಿಸುವ ಖುಷಿಯನ್ನು ನನಗೆ ಎರಡನೇ ಸಲ ಕೊಟ್ಟದ್ದೇ ಒಂದು ತಂತ್ರಾಂಶ. ಸುಮಾರು ಹತ್ತು ಹನ್ನೆರಡು ವರ್ಷದ ಹಿಂದೆ, ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಜಿಯೋಜೀಬ್ರಾ ಕಲಿಸಿದರು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರ ಸುಮಾರಿಗೆ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆಂದು ಶುರು ಮಾಡಿದ್ದು ಅದು. ಕಾಸು ಕೊಡಬೇಕಾಗಿಲ್ಲ, ಈಗ ಫೋನಿನಲ್ಲೂ ಓಡುತ್ತದೆ. ನಮ್ಮ ಶಿಕ್ಷಕರು ಅದರಲ್ಲಿ ಮಾಡಿದ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಹಾಕಿದರು.

ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ನಾನು ಮೊದಲು ಬೋರ್ಡಿನ ಮೇಲೆ ಬರೆಸಿ, ಬಾಯಿಪಾಠ ಮಾಡಿಸುತ್ತಿದ್ದೆ. ಈಗ ಆರು ಟ್ಯಾಬ್, ಒಂದೊಂದಕ್ಕೆ ಎಂಟು ಮಕ್ಕಳು. ಒಂದು ವೃತ್ತ, ಒಂದು ವ್ಯಾಸ, ಪರಿಧಿಯ ಮೇಲೊಂದು ಬಿಂದು, ಅಲ್ಲಿಂದ ವ್ಯಾಸದ ಎರಡು ತುದಿಗೆ ಎರಡು ಗೆರೆ. ಬಿಂದುವನ್ನು ಬೆರಳಲ್ಲಿ ಎಳೆದಾಡಿ, ಕೋನ ಎಷ್ಟು ಬರುತ್ತದೆ ನೋಡಿ ಎಂದೆ. ಎರಡು ನಿಮಿಷಕ್ಕೆ ಒಬ್ಬಳು ಎದ್ದು ನಿಂತು, "ಮೇಡಂ, ನಮ್ದು ಕೆಟ್ಟೋಗಿದೆ. ಎಲ್ಲಿಗೆ ಎಳೆದ್ರೂ 90 ಅಂತಾನೇ ತೋರಿಸ್ತದೆ" ಅಂದಳು. ಪಕ್ಕದ ಗುಂಪು, "ನಮ್ದೂ ಕೆಟ್ಟೋಗಿದೆ" ಅಂತು. ಆರೂ ಟ್ಯಾಬ್ ಕೆಟ್ಟಿವೆಯಾ ಎಂದು ಪರೀಕ್ಷಿಸಲು ಕಂಪಾಸು ಪೆಟ್ಟಿಗೆ ತೆಗೆದು ಹಾಳೆಯ ಮೇಲೆ ವೃತ್ತ ಎಳೆದರು, ಕೋನಮಾಪಕ ಇಟ್ಟು ಅಳೆದರು. ಅಲ್ಲೂ 90. ಆಗ ತರಗತಿಯಲ್ಲಿ ಬಂದ ಮೌನ ನಾನು ಮರೆಯಲಾರೆ. "ಯಾಕೆ?" ಎಂದು ಕೇಳಿದ್ದು ನಾನಲ್ಲ, ಅವರು. ಕೇಂದ್ರದಿಂದ ಆ ಬಿಂದುವಿಗೆ ಒಂದು ತ್ರಿಜ್ಯ ಎಳೆದು ನೋಡಿ ಎಂದಷ್ಟೇ ಹೇಳಿದೆ. ಎರಡು ಸಮದ್ವಿಬಾಹು ತ್ರಿಭುಜ ಕಂಡವು. ಅಲ್ಲಿಂದ ಸಾಧನೆಯನ್ನು ಮುಗಿಸಿದ್ದು ಅವರೇ.

ಆ ತಂತ್ರಾಂಶ ಒಂದೇ ಒಂದು ಉತ್ತರ ಹೇಳಲಿಲ್ಲ. ಶಹಬ್ಬಾಸ್ ಅನ್ನಲಿಲ್ಲ, ನಕ್ಷತ್ರ ಉದುರಿಸಲಿಲ್ಲ. ಅಳಿಸಲೂ ಇಲ್ಲ. ಮಗು ಎಳೆದದ್ದಕ್ಕೆ ಅಳತೆ ತೋರಿಸಿ ಸುಮ್ಮನಿತ್ತು.

ನಕ್ಷತ್ರದ ಮಾತು ಬಂತು, ಒಂದು ನೋವು ಹೇಳಿಬಿಡುತ್ತೇನೆ. ನಿಮ್ಮ ಆ್ಯಪಿನಲ್ಲಿ ದಿನ ತಪ್ಪದೆ ಬಂದರೆ ಒಂದು ಬೆಂಕಿಯ ಚಿತ್ರ, ಅದರ ಪಕ್ಕ ದಿನಗಳ ಎಣಿಕೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಪ್ಪನ ಫೋನಿನಲ್ಲಿ ಅದನ್ನು ಹಾಕಿಕೊಂಡು ಹನ್ನೊಂದು ದಿನ ಎಣಿಕೆ ಮುಟ್ಟಿಸಿದ್ದಳು. ಅವಳಪ್ಪ ಲಾರಿ ಓಡಿಸುತ್ತಾರೆ. ಹನ್ನೆರಡನೇ ದಿನ ಶೇಂಗಾ ಲೋಡ್ ತಗೊಂಡು ಹೋದವರು ಮೂರು ದಿನ ಬರಲಿಲ್ಲ. ವಾಪಸ್ ಬಂದು ತೆರೆದಾಗ ಎಣಿಕೆ ಸೊನ್ನೆ, ಜೊತೆಗೆ "ನೀನು ಅಭ್ಯಾಸ ಮರೆತೆ" ಎಂಬ ಸಂದೇಶ. ಅವಳು ಮರೆತಿರಲಿಲ್ಲ. ಆ ಮೂರು ರಾತ್ರಿಯೂ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿದ್ದಳು, ನನಗೆ ತೋರಿಸಿದಳು. ಆಮೇಲೆ ಆ್ಯಪನ್ನು ತೆರೆಯಲೇ ಇಲ್ಲ.

ಮನೆಯವರ ಫೋನಿಗೆ ಕಾಯುವವಳು ಅವಳೊಬ್ಬಳೇ ಅಲ್ಲ. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2023ರ ವರದಿ 14ರಿಂದ 18 ವರ್ಷದವರ ಬಗ್ಗೆ. ಹತ್ತರಲ್ಲಿ ಸುಮಾರು ಒಂಬತ್ತು ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಎನ್ನುತ್ತದೆ ಅದು. ನಿಮ್ಮ ಸಭೆಗಳಲ್ಲಿ ಈ ಅಂಕಿಯನ್ನು ತೋರಿಸುತ್ತಿರಬಹುದು. ಅದರ ಕೆಳಗಿನ ಅಂಕಿಯನ್ನೂ ಓದಿ. ಫೋನ್ ಬಳಸಲು ಬರುವ ಮಕ್ಕಳಲ್ಲಿ ಸ್ವಂತ ಫೋನ್ ಇರುವ ಗಂಡುಮಕ್ಕಳು ಶೇಕಡಾ 43.7, ಹೆಣ್ಣುಮಕ್ಕಳು 19.8. ಅದೇ ವರದಿಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಅರ್ಧಕ್ಕಿಂತ ಕಡಿಮೆ, ಶೇಕಡಾ 43ರ ಆಸುಪಾಸು. ನಿಮ್ಮ ಆ್ಯಪ್ ಯಾರಿಗೆ ಹೆಚ್ಚು ಬೇಕೋ ಆ ಹುಡುಗಿಯ ಕೈಗೆ ಫೋನ್ ಬರುವುದು ರಾತ್ರಿ ಎಂಟೂವರೆಗೆ, ಊಟ ಪಾತ್ರೆ ಮುಗಿದ ಮೇಲೆ, ತಮ್ಮನ ರೀಲ್ಸ್ ಮುಗಿದ ಮೇಲೆ, ಹದಿನೈದು ನಿಮಿಷಕ್ಕೆ. ಆ ಹದಿನೈದು ನಿಮಿಷದಲ್ಲಿ ಮೂರು ನಿಮಿಷ ನಿಮ್ಮ ಅಪ್‌ಡೇಟ್ ತಿನ್ನುತ್ತದೆ. ನೆಟ್ ಇಲ್ಲದೆಯೂ ನಡೆಯುವಂತೆ ಮಾಡಿ. ಒಂದೇ ಫೋನಿನಲ್ಲಿ ಅಕ್ಕ ತಮ್ಮ ಇಬ್ಬರ ಲೆಕ್ಕವೂ ಬೇರೆ ಬೇರೆ ಉಳಿಯಲಿ. ಬೆಂಕಿಯ ಚಿತ್ರ ತೆಗೆದುಹಾಕಿ. ಗಡಿಯಾರವನ್ನೂ ತೆಗೆಯಿರಿ. ಮೂವತ್ತು ಸೆಕೆಂಡಿನಿಂದ ಕೆಳಗಿಳಿಯುತ್ತಾ ಬರುವ ಅಂಕಿ ನೋಡಿದರೆ ಬರುವ ಲೆಕ್ಕವೂ ಮರೆತುಹೋಗುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿದೆ ಎಂದು ಹೇಳಿ ಕೊಟ್ಟ ಒಂದು ಆ್ಯಪಿನಲ್ಲಿ (ಅದು ನಿಮ್ಮದಲ್ಲ) ಘಾತ ಎನ್ನಬೇಕಾದಲ್ಲಿ ಶಕ್ತಿ ಎಂದಿತ್ತು, ವರ್ಗಮೂಲದ ಬದಲು ಚದರ ಬೇರು, ಬೆಸ ಸಂಖ್ಯೆಯ ಬದಲು ವಿಚಿತ್ರ ಸಂಖ್ಯೆ. ಹುಡುಗಿಯೊಬ್ಬಳು ತನಗೇ ಅರ್ಥವಾಗುತ್ತಿಲ್ಲವೆಂದು ಎರಡು ದಿನ ಯಾರಿಗೂ ಹೇಳದೆ ಒದ್ದಾಡಿದ್ದಳು. ತಪ್ಪು ಪುಸ್ತಕದ್ದೂ ಆಗಿರಬಹುದು ಎಂದು ಮಕ್ಕಳಿಗೆ ಹೊಳೆಯುವುದಿಲ್ಲ, ತಮ್ಮದೇ ಎಂದುಕೊಳ್ಳುತ್ತಾರೆ. ಕನ್ನಡದಲ್ಲಿ ಗಣಿತ ಬರೆಯುವುದು ಹೊಸ ಸಾಹಸವಲ್ಲ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡದಲ್ಲೇ ಬರೆದ. ನಮ್ಮ ಪಠ್ಯಪುಸ್ತಕದಲ್ಲಿ ತ್ರಿಜ್ಯ, ಸ್ಪರ್ಶಕ, ಬಹುಪದೋಕ್ತಿ ಎಲ್ಲ ಇವೆ. ಯಂತ್ರದ ಅನುವಾದ ಹಾಕಿ ಕೈತೊಳೆದುಕೊಳ್ಳುವ ಮೊದಲು ಪಠ್ಯಪುಸ್ತಕ ತೆರೆದು ಪದ ನೋಡಿಕೊಳ್ಳಿ. ಓದಿ ಹೇಳುವ ದನಿಯೂ ಇರಲಿ. ನಿಧಾನಕ್ಕೆ ಓದುವ ಮಗು ಗಣಿತದಲ್ಲಿ ನಿಧಾನ ಎಂದು ಅರ್ಥವಲ್ಲ.

ಮುಂದಿನ ಸಲ ನೀನು ಬರುವಾಗ ಶನಿವಾರ ಬರಬೇಡ. ಗುರುವಾರ ಬಾ, ಮೂರನೇ ಪೀರಿಯಡ್ ಒಂಬತ್ತನೆಯವರಿಗೆ ಗಣಿತ. ನಿನ್ನ ಜೊತೆ ಕೆಲಸ ಮಾಡುವವರು ಇಬ್ಬರು ಮೂವರು ಇದ್ದರೆ ಅವರನ್ನೂ ಕರೆದುಕೊಂಡು ಬಾ. ಟ್ಯಾಬ್ ಹಿಡಿದ ಮಕ್ಕಳ ಹಿಂದೆ ಕೂತುಕೊಳ್ಳಿ, ಏನೂ ಹೇಳಿಕೊಡಬೇಡಿ, ಪರದೆ ಕೆಂಪಾದಾಗ ಮಗುವಿನ ಮುಖ ಮಾತ್ರ ನೋಡಿ. ಪೀರಿಯಡ್ ಮುಗಿದ ಮೇಲೆ ಖೋಖೋ ಹುಡುಗನನ್ನು ಪರಿಚಯ ಮಾಡಿಸುತ್ತೇನೆ. ಅವನು ಈಗ ಇನ್ನೊಂದು ಪ್ರಶ್ನೆ ತಂದಿದ್ದಾನೆ. ಎರಡು ದಿನದ ಪಂದ್ಯ ಸೇರಿಸಿದಾಗ ಬರುವ 2/5 ಎಂಬುದು 1/2 ಮತ್ತು 1/3ರ ನಡುವೆಯೇ ಬಿತ್ತಲ್ಲ, ಯಾವಾಗಲೂ ಹಾಗೇ ಬೀಳುತ್ತದಾ ಎಂದು ಕೇಳುತ್ತಿದ್ದಾನೆ. ಎಂಟು ಜೋಡಿ ಭಿನ್ನರಾಶಿ ತೆಗೆದುಕೊಂಡು ಪೆನ್ನಿನಲ್ಲಿ ಬರೆದು ನೋಡಿದ್ದಾನೆ, ಎಂಟರಲ್ಲೂ ನಡುವೆಯೇ ಬಿದ್ದಿದೆ. ನಾನಿನ್ನೂ ಅವನಿಗೆ ಉತ್ತರ ಹೇಳಿಲ್ಲ. ನೀನೂ ಹೇಳಬೇಡ.

ಊಟಕ್ಕೆ ಏನೂ ತರಬೇಡ, ನಮ್ಮ ಬಿಸಿಯೂಟ ಇದೆ.

ಇಂತಿ,
ನಿನ್ನ ಗಣಿತದ ಮೇಡಂ
ಸರ್ಕಾರಿ ಪ್ರೌಢಶಾಲೆ, ಶಿರಾ ತಾಲ್ಲೂಕು